ಕಾಲು ಅಳತೆಯ ವಿಮಾನ, ಪೂರ್ಣ ಅಳತೆಯ ಹೊಣೆ



ಅಮೆರಿಕದಲ್ಲಿಯೋ ಇಂಗ್ಲೆಂಡಿನಲ್ಲಿಯೋ ಹವ್ಯಾಸಿಯೊಬ್ಬ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ಮನೆಗೆ ಹೊತ್ತು ತರುತ್ತಾನೆ. ಮುಚ್ಚಳದ ಮೇಲೆ ಹಳದಿ ವಿಮಾನದ ಚಿತ್ರವಿದೆ. ಬಿಚ್ಚಿ ನೋಡಿದರೆ ಒಳಗೆ ವಿಮಾನವಿಲ್ಲ. ಇರುವುದು ತೆಳುವಾದ ಮರದ ಹಾಳೆಗಳು, ಉದ್ದುದ್ದ ಕಡ್ಡಿಗಳು, ಆಕಾರ ಕೊರೆದ ಪ್ಲೈವುಡ್ ತುಂಡುಗಳು, ಬಗ್ಗಿಸಿದ ತಂತಿ, ಚೀಲವೊಂದರಲ್ಲಿ ಸ್ಕ್ರೂಗಳು ಮತ್ತು ಸುರುಳಿ ಸುತ್ತಿದ ದೊಡ್ಡ ನಕ್ಷೆ. ಎಂಜಿನ್ ಇಲ್ಲ, ರೇಡಿಯೋ ಇಲ್ಲ, ಅಂಟು ಕೂಡ ಇಲ್ಲ. ಅವನ್ನೆಲ್ಲ ಬೇರೆಯಾಗಿ ಕೊಳ್ಳಬೇಕು. ಆಮೇಲೆ ಒಂದು ಚಳಿಗಾಲದ ಸಂಜೆಗಳನ್ನೆಲ್ಲ ಮೇಜಿನ ಮುಂದೆ ಕಳೆದರೆ ಎರಡೂವರೆ ಮೀಟರಿಗೂ ಹೆಚ್ಚು ಅಗಲದ ರೆಕ್ಕೆಯ, ಎಂಟು ಕಿಲೊಗೂ ಮಿಕ್ಕಿ ತೂಗುವ ವಿಮಾನವೊಂದು ತಯಾರಾಗುತ್ತದೆ. ನೆಲದ ಮೇಲೆ ನಿಂತವನ ಬೆರಳಿನ ಅಪ್ಪಣೆಯಂತೆ ಅದು ಆಕಾಶದಲ್ಲಿ ತಿರುಗುತ್ತದೆ.

ಬಿಡಿಭಾಗಗಳ ಈ ಪೆಟ್ಟಿಗೆಗೆ ಕಿಟ್ ಎಂದು ಹೆಸರು. ಅದನ್ನು ನೋಡಿದವರಿಗೆ ಮೊದಲು ಹೊಳೆಯುವ ಮಾತು ‘ದೊಡ್ಡವರ ಆಟಿಕೆ’ ಎಂಬುದು. ಆಟಿಕೆಯನ್ನು ದೊಡ್ಡದು ಮಾಡಿದರೆ ದೊಡ್ಡ ಆಟಿಕೆಯಾಗುತ್ತದೆ, ಅಷ್ಟೆ ತಾನೆ? ಗೊಂಬೆಯ ವಿಷಯದಲ್ಲಿ ಇದು ನಿಜ, ವಿಮಾನದ ವಿಷಯದಲ್ಲಿ ಅಲ್ಲ. ಗಾತ್ರ ಬದಲಾದರೆ ತೂಕ, ಬಲ, ವೇಗ, ಅಪಾಯ ಎಲ್ಲವೂ ಬೇರೆ ಬೇರೆ ಲೆಕ್ಕದಲ್ಲಿ ಬದಲಾಗುತ್ತವೆ. ಮಾದರಿ ವಿಮಾನ ದೊಡ್ಡದಾದಷ್ಟೂ ಹಾರುವುದು ಸುಲಭವಾಗುತ್ತದೆ, ತಪ್ಪುಗಳು ಮಾತ್ರ ದುಬಾರಿಯಾಗುತ್ತವೆ. ಈ ಹವ್ಯಾಸದ ಇತಿಹಾಸವನ್ನೂ ಅದರ ರೀತಿ ರಿವಾಜುಗಳನ್ನೂ ತಿಳಿಯಲು ಈ ಒಂದು ಮಾತು ಸಾಕು.

ಗಾತ್ರದ ಈ ಪಾಠಕ್ಕೆ ಬೆಲೆ ತೆತ್ತ ದೊಡ್ಡ ಮನುಷ್ಯನೊಬ್ಬನಿದ್ದ. ಅವನು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಮುಖ್ಯಸ್ಥನಾಗಿದ್ದ ಸ್ಯಾಮುಯೆಲ್ ಲ್ಯಾಂಗ್ಲಿ. 1896ರ ಮೇ 6ರಂದು ಆತ ಪೊಟೊಮ್ಯಾಕ್ ನದಿಯ ಮೇಲೆ ಹಬೆ ಎಂಜಿನ್ನಿನ ಮಾನವರಹಿತ ಮಾದರಿಯೊಂದನ್ನು ಹಾರಿಸಿದ. ನಾಲ್ಕು ಮೀಟರಿನಷ್ಟು ರೆಕ್ಕೆಯ, ಹನ್ನೊಂದು ಕಿಲೊ ಆಸುಪಾಸಿನ ಆ ಯಂತ್ರ ಸುಮಾರು ಒಂದು ಕಿಲೊಮೀಟರ್ ದೂರ ಹಾರಿ ನೀರಿಗಿಳಿಯಿತು. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅದಕ್ಕೆ ಪ್ರತ್ಯಕ್ಷ ಸಾಕ್ಷಿಯಾಗಿದ್ದರು. ಅಮೆರಿಕದ ಯುದ್ಧ ಇಲಾಖೆ ಮನುಷ್ಯನನ್ನು ಹೊರುವ ವಿಮಾನ ಮಾಡಿಕೊಡಿ ಎಂದು ಲ್ಯಾಂಗ್ಲಿಗೆ 50,000 ಡಾಲರ್ ಕೊಟ್ಟಿತು.

ಲ್ಯಾಂಗ್ಲಿ ಎಚ್ಚರಿಕೆಯ ಮನುಷ್ಯ. ಪೂರ್ಣ ಗಾತ್ರದ ಯಂತ್ರಕ್ಕೆ ಕೈಹಾಕುವ ಮುನ್ನ ಅದರ ಕಾಲು ಅಳತೆಯ ಮಾದರಿಯನ್ನು ಮಾಡಿಸಿ ಪೆಟ್ರೋಲ್ ಎಂಜಿನ್ ಕೂರಿಸಿದ. 1901ರ ಜೂನ್‌ನಲ್ಲಿ ಅದು ಹಾರಿತು. 1903ರ ಆಗಸ್ಟ್‌ನಲ್ಲಿ ಇನ್ನೂ ಚೆನ್ನಾಗಿ ಹಾರಿತು. ಅದೇ ವಿನ್ಯಾಸವನ್ನು ನಾಲ್ಕು ಪಟ್ಟು ಹಿಗ್ಗಿಸಿ, ಚಾಲಕ ಚಾರ್ಲ್ಸ್ ಮ್ಯಾನ್ಲಿಯನ್ನು ಕೂರಿಸಿ, ದೋಣಿಮನೆಯ ಮೇಲಿನಿಂದ ಅಕ್ಟೋಬರ್ 7ರಂದು ಚಿಮ್ಮಿಸಿದಾಗ ಅದು ನೇರವಾಗಿ ನದಿಗೆ ಬಿತ್ತು. ಡಿಸೆಂಬರ್ 8ರಂದು ಮತ್ತೊಮ್ಮೆ ಪ್ರಯತ್ನ ನಡೆಯಿತು. ಈ ಸಲ ವಿಮಾನ ಚಿಮ್ಮುತ್ತಲೇ ಮುರಿದು ನೀರು ಸೇರಿತು. ಮ್ಯಾನ್ಲಿ ಎರಡು ಸಲವೂ ಬದುಕಿ ಬಂದದ್ದು ಪುಣ್ಯ. ಅದಾದ ಒಂಬತ್ತು ದಿನಕ್ಕೆ, ಡಿಸೆಂಬರ್ 17ರಂದು, ರೈಟ್ ಸೋದರರು ಕಿಟ್ಟಿ ಹಾಕ್‌ನಲ್ಲಿ ಹಾರಿದರು.

ಲ್ಯಾಂಗ್ಲಿ ದೂರಿದ್ದು ಚಿಮ್ಮಿಸುವ ಯಂತ್ರವನ್ನು. ಆದರೆ ವಿಮಾನದ ಚೌಕಟ್ಟೇ ದುರ್ಬಲವಾಗಿತ್ತೆಂದು ಇತಿಹಾಸಕಾರರು ಹೇಳುತ್ತಾರೆ. ಅದರ ಲೆಕ್ಕ ಸರಳ. ಒಂದು ವಸ್ತುವಿನ ಉದ್ದ, ಅಗಲ, ದಪ್ಪ ಮೂರನ್ನೂ ನಾಲ್ಕು ಪಟ್ಟು ಮಾಡಿದರೆ ತೂಕ 64 ಪಟ್ಟಾಗುತ್ತದೆ. ತೂಕ ಹೊರುವ ಕಡ್ಡಿಗಳ ಅಡ್ಡಕೊಯ್ತದ ವಿಸ್ತಾರ ಮಾತ್ರ 16 ಪಟ್ಟಾಗುತ್ತದೆ. ಹಾಗಾಗಿ ಕಡ್ಡಿಯ ಪ್ರತಿ ಚದರ ಅಂಗುಲದ ಮೇಲೆ ಬೀಳುವ ಭಾರ ನಾಲ್ಕು ಪಟ್ಟು ಏರುತ್ತದೆ. ಮಾದರಿಯಲ್ಲಿ ಗಟ್ಟಿಯಾಗಿದ್ದ ಕೀಲು ದೊಡ್ಡ ವಿಮಾನದಲ್ಲಿ ಗಟ್ಟಿಯಾಗಿ ಉಳಿಯುವುದಿಲ್ಲ. ಇರುವೆ ತನ್ನ ತೂಕದ ಹಲವು ಪಟ್ಟು ಹೊರುತ್ತದೆ, ಆನೆಗೆ ಅದು ಆಗದು. ಕಾರಣ ಇದೇ.

ಈಗ ಇದೇ ಲೆಕ್ಕವನ್ನು ಹಿಂದುಮುಂದಾಗಿಸಿ ನೋಡಿ. ಪೆಟ್ಟಿಗೆಯ ಮೇಲಿನ ಹಳದಿ ವಿಮಾನ ಪೈಪರ್ ಸಂಸ್ಥೆಯ ಜೆ-3 ಕಬ್. ಕಬ್ ಎಂದರೆ ಮರಿ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬ್ರಾಡ್‌ಫರ್ಡ್‌ನಲ್ಲಿದ್ದ ಕಾರ್ಖಾನೆಗೆ 1937ರಲ್ಲಿ ಬೆಂಕಿ ಬಿದ್ದು, ಸಂಸ್ಥೆ ಲಾಕ್ ಹೇವನ್ ಎಂಬ ಊರಿನ ಹಳೆಯ ರೇಷ್ಮೆ ಗಿರಣಿಯೊಂದಕ್ಕೆ ಸ್ಥಳಾಂತರವಾಯಿತು. ಅಲ್ಲಿಂದ 1947ರವರೆಗೆ ಸುಮಾರು 20,000 ಕಬ್‌ಗಳು ಹೊರಬಂದವು. ಉಕ್ಕಿನ ಕೊಳವೆಯ ಚೌಕಟ್ಟು, ಅದರ ಮೇಲೆ ಬಿಗಿದ ಬಟ್ಟೆ, ಹಳದಿ ಬಣ್ಣ, ಪಕ್ಕದಲ್ಲಿ ಮಿಂಚಿನಂಥ ಕಪ್ಪು ಪಟ್ಟಿ, 65 ಅಶ್ವಶಕ್ತಿಯ ಎಂಜಿನ್, ಒಂದರ ಹಿಂದೆ ಒಂದು ಎರಡು ಆಸನ. ಎರಡನೆಯ ಮಹಾಯುದ್ಧದ ಕಾಲಕ್ಕೆ ಅಮೆರಿಕದ ಸಾವಿರಾರು ಯುವಕರು ಮೊದಲು ಆಕಾಶ ಕಂಡದ್ದು ಇದರಲ್ಲೇ. ಬೆಂಗಳೂರಿನವರಿಗೂ ಇದರ ದೂರದ ನೆಂಟನೊಬ್ಬನ ಪರಿಚಯವುಂಟು. ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ತಯಾರಾಗಿ 1958ರಲ್ಲಿ ಮೊದಲು ಹಾರಿದ ‘ಪುಷ್ಪಕ್’ ಕೂಡ ಹೀಗೆಯೇ ತಲೆಯ ಮೇಲೆ ರೆಕ್ಕೆ ಹೊತ್ತ, ಬಟ್ಟೆ ಹೊದ್ದ, ಎರಡು ಆಸನದ ಹಗುರ ವಿಮಾನ. ನಮ್ಮ ಹಾರಾಟದ ಕ್ಲಬ್ಬುಗಳಲ್ಲಿ ದೀರ್ಘಕಾಲ ವಿದ್ಯಾರ್ಥಿಗಳನ್ನು ಹೊತ್ತು ತಿರುಗಿದ್ದು ಅದೇ.

ಪೂರ್ಣ ಗಾತ್ರದ ಕಬ್‌ನ ರೆಕ್ಕೆ 10.7 ಮೀಟರ್. ಇಬ್ಬರನ್ನೂ ಪೆಟ್ರೋಲನ್ನೂ ಹೊತ್ತಾಗ ಅದರ ಗರಿಷ್ಠ ತೂಕ 553 ಕಿಲೊ. ಕಾಲು ಅಳತೆಗೆ ಇಳಿಸಿದರೆ ರೆಕ್ಕೆ 2.7 ಮೀಟರ್ ಆಗುತ್ತದೆ, ತೂಕವನ್ನು 64ರಿಂದ ಭಾಗಿಸಿದರೆ 8.6 ಕಿಲೊ ಬರುತ್ತದೆ. ಒಳ್ಳೆಯ ಹವ್ಯಾಸಿಗಳು ಕಟ್ಟುವ ಕಾಲು ಅಳತೆಯ ಕಬ್‌ಗಳು ಹೆಚ್ಚುಕಡಿಮೆ ಇಷ್ಟೇ ತೂಗುತ್ತವೆ. ರೆಕ್ಕೆಯ ವಿಸ್ತಾರ ಕುಗ್ಗಿದ್ದು 16 ಪಟ್ಟು, ತೂಕ ಕುಗ್ಗಿದ್ದು 64 ಪಟ್ಟು. ಹಾಗಾಗಿ ರೆಕ್ಕೆಯ ಪ್ರತಿ ಚದರ ಮೀಟರ್ ಹೊರಬೇಕಾದ ಭಾರ 33 ಕಿಲೊದಿಂದ ಎಂಟು ಕಿಲೊ ಚಿಲ್ಲರೆಗೆ ಇಳಿಯುತ್ತದೆ. ಭಾರ ಕಾಲುಭಾಗವಾದರೆ ತೇಲಲು ಬೇಕಾದ ವೇಗ ಅರ್ಧವಾಗುತ್ತದೆ. ನಿಜವಾದ ಕಬ್ ಗಂಟೆಗೆ ಸುಮಾರು 60 ಕಿಲೊಮೀಟರಿಗಿಂತ ನಿಧಾನವಾದರೆ ಕುಸಿಯುತ್ತದೆ. ಮಾದರಿ 30ರವರೆಗೂ ತೇಲುತ್ತಿರುತ್ತದೆ. ಸೈಕಲ್ ಪಂದ್ಯದವನ ವೇಗ ಅದು.

ಹಾಗಿದ್ದರೆ ಇನ್ನೂ ಚಿಕ್ಕದು ಮಾಡಬಹುದಲ್ಲ ಎಂದು ಕೇಳಬಹುದು. ಮಾಡಬಹುದು, ಆದರೆ ಗಾಳಿ ಒಪ್ಪುವುದಿಲ್ಲ. ರೆಕ್ಕೆ ಕಿರಿದಾಗಿ ವೇಗ ಕಡಿಮೆಯಾದಂತೆ ಗಾಳಿ ಅದಕ್ಕೆ ಹೆಚ್ಚು ಹೆಚ್ಚು ಅಂಟಂಟಾಗಿ ವರ್ತಿಸುತ್ತದೆ. ಎಂಜಿನಿಯರುಗಳು ಇದನ್ನು ರೆನಾಲ್ಡ್ಸ್ ಸಂಖ್ಯೆಯಿಂದ ಅಳೆಯುತ್ತಾರೆ. ನಿಜವಾದ ಕಬ್‌ನ ರೆಕ್ಕೆಗೆ ಅದು 30 ಲಕ್ಷಕ್ಕೂ ಮೇಲೆ. ಕಾಲು ಅಳತೆಯದಕ್ಕೆ 3 ಲಕ್ಷದ ಹತ್ತಿರ. ಅಂಗೈ ಅಗಲದ ರೆಕ್ಕೆಯ, ರಬ್ಬರ್ ಸುತ್ತಿ ಹಾರಿಸುವ ಆಟಿಕೆಗೆ ಕೆಲವು ಹತ್ತು ಸಾವಿರ ಮಾತ್ರ. ಆ ಮಟ್ಟದಲ್ಲಿ ರೆಕ್ಕೆಯ ಮೇಲಿನ ಗಾಳಿ ಬೇಗ ಬಿಟ್ಟುಹೋಗುತ್ತದೆ, ಎಳೆತ ಹೆಚ್ಚುತ್ತದೆ, ಸಣ್ಣ ಬೀಸುಗಾಳಿಗೂ ವಿಮಾನ ತರಗೆಲೆಯಂತೆ ಓಲಾಡುತ್ತದೆ. ಕಣ್ಣಿಗೂ ವ್ಯತ್ಯಾಸ ತಿಳಿಯುತ್ತದೆ. ಚಿಕ್ಕ ಮಾದರಿ ನೊಣದಂತೆ ಗಡಿಬಿಡಿಯಿಂದ ಹಾರಿದರೆ ದೊಡ್ಡ ಮಾದರಿ ನಿಧಾನವಾಗಿ, ಗಾಂಭೀರ್ಯದಿಂದ ಸುತ್ತು ಹಾಕುತ್ತದೆ. ಒಮ್ಮೆ ದೊಡ್ಡದನ್ನು ಹಾರಿಸಿದವನು ಚಿಕ್ಕದಕ್ಕೆ ಹಿಂದಿರುಗಲು ಮನಸ್ಸು ಮಾಡದಿರುವುದು ಇದಕ್ಕಾಗಿಯೇ.

ಈ ಹಂತಕ್ಕೆ ಬರಲು ಹವ್ಯಾಸಕ್ಕೆ ನೂರು ವರ್ಷ ಹಿಡಿಯಿತು. 1871ರಲ್ಲಿ ಫ್ರಾನ್ಸಿನ ಆಲ್ಫೋನ್ಸ್ ಪೆನೊ ಪ್ಯಾರಿಸ್ಸಿನ ತೋಟವೊಂದರಲ್ಲಿ ತಿರುಚಿದ ರಬ್ಬರಿನ ಬಲದಿಂದ ಪುಟ್ಟ ವಿಮಾನವನ್ನು ಹಾರಿಸಿದ. ಅವನ ಬಗೆಯದೇ ರಬ್ಬರ್ ಹೆಲಿಕಾಪ್ಟರ್ ಆಟಿಕೆಯೊಂದನ್ನು 1878ರಲ್ಲಿ ತಂದೆ ತಂದುಕೊಟ್ಟದ್ದು ರೈಟ್ ಸೋದರರ ತಲೆಯಲ್ಲಿ ಹಾರಾಟದ ಹುಳು ಬಿಟ್ಟಿತು. 1930ರ ದಶಕದ ಮೊದಲಲ್ಲಿ ಅಮೆರಿಕದ ಬಿಲ್ ಬ್ರೌನ್ ಅಂಗೈಯಲ್ಲಿ ಹಿಡಿಯುವಂಥ ಪೆಟ್ರೋಲ್ ಎಂಜಿನ್ ಮಾಡಿದ. ಆದರೆ ಆ ವಿಮಾನಗಳಿಗೆ ಲಗಾಮಿರಲಿಲ್ಲ. ಹಾರಿಸಿದವನು ಹೊಲ ಬೇಲಿ ಹಾರಿ ಅವುಗಳ ಹಿಂದೆ ಓಡಬೇಕಾಗಿತ್ತು.

ಲಗಾಮು ಹಾಕಿದವರಲ್ಲಿ ಮೊದಲಿಗರು ಮಿಶಿಗನ್ ರಾಜ್ಯದ ಅವಳಿ ಸೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್. ಒಬ್ಬನಿಗೆ ವಿಮಾನದ ಹುಚ್ಚು, ಇನ್ನೊಬ್ಬನಿಗೆ ರೇಡಿಯೋ ಹುಚ್ಚು. 1937ರಲ್ಲಿ ಇಬ್ಬರೂ ಸೇರಿ ಹಾರಿಸಿದ ‘ಗಫ್’ ಎಂಬ ವಿಮಾನದ ರೆಕ್ಕೆ ಎಂಟು ಅಡಿ. ಅದು ಅಷ್ಟು ದೊಡ್ಡದಾಗಿದ್ದುದು ವೈಭವಕ್ಕಲ್ಲ. ಆ ಕಾಲದ ನಿರ್ವಾತ ನಳಿಗೆಗಳನ್ನೂ ಬ್ಯಾಟರಿಗಳನ್ನೂ ಹೊರಲು ಅಷ್ಟು ರೆಕ್ಕೆ ಬೇಕೇ ಬೇಕಾಗಿತ್ತು. ಆ ಗಫ್ ಈಗಿರುವುದು ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತು ಸಂಗ್ರಹದಲ್ಲಿ, ಲ್ಯಾಂಗ್ಲಿ ಮುಖ್ಯಸ್ಥನಾಗಿದ್ದ ಅದೇ ಸಂಸ್ಥೆಯಲ್ಲಿ.

ಆಮೇಲೆ ಟ್ರಾನ್ಸಿಸ್ಟರ್ ಬಂದು ರೇಡಿಯೋ ಹಗುರವಾಯಿತು, ವಿಮಾನಗಳೂ ಕಿರಿದಾದವು. ಮತ್ತೆ ಅವು ದೊಡ್ಡವಾಗಲು ಕಾರಣ ವಿಚಿತ್ರವಾದದ್ದು. 1970ರ ದಶಕದಲ್ಲಿ ಮರ ಕುಯ್ಯುವ ಗರಗಸದಂಥ ಸಾಧನಗಳ ಎರಡು ಸ್ಟ್ರೋಕಿನ ಪೆಟ್ರೋಲ್ ಎಂಜಿನ್ನುಗಳು ಹವ್ಯಾಸಿಗಳ ಕಣ್ಣಿಗೆ ಬಿದ್ದವು. ಕ್ವಾಡ್ರಾ ಎಂಬ 35 ಸಿ.ಸಿ. ಎಂಜಿನ್ ಇದರಲ್ಲಿ ಹೆಸರು ಮಾಡಿತು. ಸಾಮಾನ್ಯ ಪೆಟ್ರೋಲಿಗೆ ಎಣ್ಣೆ ಬೆರೆಸಿದರೆ ಅದು ಓಡುತ್ತಿತ್ತು, ಸುಲಭಕ್ಕೆ ಕೆಡುತ್ತಿರಲಿಲ್ಲ. 1980ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಮಿನಿಯೇಚರ್ ಏರ್‌ಕ್ರಾಫ್ಟ್ ಸಂಘ ‘ದೈತ್ಯ’ ಎಂಬ ಮಾತಿಗೆ ಒಂದು ಅಳತೆಯನ್ನೂ ಇಟ್ಟಿತು. ಒಂಟಿ ರೆಕ್ಕೆಯದಾದರೆ 80 ಅಂಗುಲ, ಜೋಡಿ ರೆಕ್ಕೆಯದಾದರೆ 60 ಅಂಗುಲ, ಅದಕ್ಕೆ ಕಡಿಮೆ ಇರಕೂಡದು.

ಇನ್ನು ಪೆಟ್ಟಿಗೆಗೆ ಹಿಂದಿರುಗೋಣ. ಅದರೊಳಗಿನ ಮರ ಬಹುಪಾಲು ಬಾಲ್ಸಾ. ದಕ್ಷಿಣ ಅಮೆರಿಕದ, ಅದರಲ್ಲೂ ಈಕ್ವಡಾರಿನ ಮರ ಅದು. ಆರರಿಂದ ಹತ್ತು ವರ್ಷದೊಳಗೆ ಕಡಿಯುವಷ್ಟು ಬೆಳೆಯುತ್ತದೆ. ಸ್ಪ್ಯಾನಿಷ್ ಭಾಷೆಯಲ್ಲಿ ಬಾಲ್ಸಾ ಎಂದರೆ ತೆಪ್ಪ. 1947ರಲ್ಲಿ ಥಾರ್ ಹೆಯರ್‌ಡಾಲ್ ಶಾಂತಸಾಗರ ದಾಟಿದ ಕೋನ್-ಟಿಕಿ ತೆಪ್ಪ ಇದರದೇ. ಇದರ ಒಂದು ಘನ ಮೀಟರ್ ತೂಕ ಸಾಮಾನ್ಯವಾಗಿ 100ರಿಂದ 200 ಕಿಲೊ. ಅಂದರೆ ಒಂದೇ ಕಿಟ್‌ನ ಎರಡು ಹಾಳೆಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ತೂಗಬಹುದು. ಆದ್ದರಿಂದ ಅನುಭವಸ್ಥ ಮೊದಲು ಅಂಟಿನ ಸೀಸೆ ತೆರೆಯುವುದಿಲ್ಲ, ತಕ್ಕಡಿ ತರುತ್ತಾನೆ. ಗಡುಸಾದ, ಭಾರದ ಹಾಳೆಗಳನ್ನು ಮೂಗಿನ ಕಡೆಗೂ ಹಗುರವಾದವನ್ನು ಬಾಲದ ಕಡೆಗೂ ಎತ್ತಿಡುತ್ತಾನೆ.

ಇದರ ಹಿಂದಿನದು ತಕ್ಕಡಿಯ ದಂಡದ ಲೆಕ್ಕವೇ. ವಿಮಾನದ ಭಾರಕೇಂದ್ರ ರೆಕ್ಕೆಯ ಅಗಲದ ಮುಂಭಾಗದಲ್ಲಿ, ಸಾಮಾನ್ಯವಾಗಿ ನಾಲ್ಕನೆಯ ಒಂದರಿಂದ ಮೂರನೆಯ ಒಂದರ ನಡುವೆ ಬೀಳಬೇಕು. ಕಬ್‌ನ ಮೂಗು ಮೊಂಡು, ಬಾಲ ಉದ್ದ. ಬಾಲದಲ್ಲಿ ಅನಗತ್ಯವಾಗಿ ಸೇರಿಕೊಂಡ ಹತ್ತು ಗ್ರಾಂ ಅಂಟನ್ನು ಸರಿದೂಗಿಸಲು ಮೂಗಿನಲ್ಲಿ ಅದರ ಕೆಲವು ಪಟ್ಟು ಸೀಸ ಇಡಬೇಕಾಗುತ್ತದೆ. ಭಾರಕೇಂದ್ರ ಹಿಂದೆ ಜಾರಿದ ವಿಮಾನ ಕೈಗೆ ಸಿಕ್ಕುವುದಿಲ್ಲ. ‘ಮೂಗು ಭಾರವಾದ ವಿಮಾನ ಕೆಟ್ಟದಾಗಿ ಹಾರುತ್ತದೆ, ಬಾಲ ಭಾರವಾದದ್ದು ಒಮ್ಮೆ ಮಾತ್ರ ಹಾರುತ್ತದೆ’ ಎಂಬುದು ಈ ಜನರ ನಡುವಿನ ಹಳೆಯ ಮಾತು.

ಕಟ್ಟುವ ಕ್ರಮ ಹೀಗೆ. ಡೊಂಕಿಲ್ಲದ ಹಲಗೆಯೊಂದರ ಮೇಲೆ ನಕ್ಷೆಯನ್ನು ಹಾಸಿ, ಅಂಟು ಹಿಡಿಯದಂತೆ ಅದರ ಮೇಲೆ ಮೇಣದ ಕಾಗದ ಹೊದಿಸುತ್ತಾರೆ. ನಕ್ಷೆ ವಿಮಾನದಷ್ಟೇ ದೊಡ್ಡದು, ಹಾಗಾಗಿ ಅಳತೆಪಟ್ಟಿಯ ಕೆಲಸ ಕಡಿಮೆ. ರೆಕ್ಕೆಯ ಉದ್ದಕ್ಕೂ ಓಡುವ ಗಟ್ಟಿಮರದ ತೊಲೆಯನ್ನು ಗುಂಡುಸೂಜಿಗಳಿಂದ ನಿಲ್ಲಿಸಿ, ಪಕ್ಕೆಲುಬುಗಳನ್ನು ಒಂದೊಂದಾಗಿ ಕೂರಿಸಿ ಅಂಟಿಸುತ್ತಾರೆ. ಸೂಜಿ ಕಿತ್ತಾಗ ರೆಕ್ಕೆ ಮೇಜಿನ ಮೇಲೆ ಚಪ್ಪಟೆಯಾಗಿ ಕೂರಬೇಕು. ಒಂದು ಮೂಲೆ ಎದ್ದಿದ್ದರೆ ಆ ತಿರುಚು ವಿಮಾನ ಇರುವಷ್ಟು ಕಾಲವೂ ಅದನ್ನು ಒಂದು ಕಡೆಗೆ ಎಳೆಯುತ್ತಿರುತ್ತದೆ. ಚಿಕ್ಕ ವಿಮಾನದಲ್ಲಿ ರೆಕ್ಕೆಯನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿದರೂ ನಡೆಯುತ್ತದೆ. ಕಾಲು ಅಳತೆಯ ಕಬ್‌ನಲ್ಲಿ ರೆಕ್ಕೆಯ ಕೆಳಗಿನ ಆನಿಕೆ ಕಡ್ಡಿಗಳು ಅಂದಕ್ಕಿರುವವಲ್ಲ, ನಿಜವಾದ ವಿಮಾನದಲ್ಲಿರುವಂತೆ ಭಾರ ಹೊರುವಂಥವು. ಅವುಗಳ ಒಂದು ಬೋಲ್ಟು ಕಳಚಿದರೆ ರೆಕ್ಕೆ ಮಡಚಿಕೊಳ್ಳುತ್ತದೆ.

ಕೊನೆಗೆ ಬಟ್ಟೆ. ಪಾಲಿಯೆಸ್ಟರ್ ಬಟ್ಟೆಯನ್ನು ಅಂಟಿಸಿ, ಬಿಸಿ ಇಸ್ತ್ರಿ ಆಡಿಸಿದರೆ ಅದು ಕುಗ್ಗಿ ತಮಟೆಯ ಚರ್ಮದಂತೆ ಬಿಗಿಯುತ್ತದೆ. ಎಲ್ಲ ಹವ್ಯಾಸಿಗಳೂ ಆಸೆಯಿಂದ ಕಾಯುವ ಗಳಿಗೆ ಅದು. ತಿಳಿದವರು ಹೆದರುವ ಗಳಿಗೆಯೂ ಹೌದು. ಏಕೆಂದರೆ ಬಟ್ಟೆ ಹೊದಿಸಿದ ಮೇಲೆ ಒಳಗಿನ ಅಂಟು ಕಾಣುವುದಿಲ್ಲ. ಅರೆಬರೆ ಅಂಟಿದ ಪಕ್ಕೆಲುಬು, ಸಿಗಿದ ತೊಲೆ, ಮರೆತುಹೋದ ಮೂಲೆಗಟ್ಟು ಎಲ್ಲವೂ ಹಳದಿ ಬಣ್ಣದ ಕೆಳಗೆ ಸಮನಾಗಿ ಮುಚ್ಚಿಹೋಗುತ್ತವೆ. ಅದಕ್ಕೇ ಬಟ್ಟೆ ಹೊದಿಸುವ ಮುನ್ನ ಎಲುಬುಗೂಡನ್ನು ಇನ್ನೊಬ್ಬ ಹವ್ಯಾಸಿಗೆ ತೋರಿಸುವ ಒಳ್ಳೆಯ ವಾಡಿಕೆ ಇದೆ. ಕಟ್ಟಿದವನ ಕಣ್ಣು ತಾನು ಮಾಡಬೇಕೆಂದಿದ್ದುದನ್ನು ನೋಡುತ್ತದೆ, ಬೇರೆಯವರ ಕಣ್ಣು ಮಾಡಿದ್ದನ್ನು ನೋಡುತ್ತದೆ. 25 ಕಿಲೊ ಮೀರಿದ ಮಾದರಿಗಳಿಗಂತೂ ಬ್ರಿಟನ್, ಅಮೆರಿಕಗಳಲ್ಲಿ ಪ್ರತ್ಯೇಕ ತಪಾಸಣೆಯ ನಿಯಮಗಳೇ ಇವೆ.

ಮುಂದಿನ ಪ್ರಶ್ನೆ ಶಕ್ತಿಯದು. ಇಲ್ಲೂ ಅಳತೆಯ ಲೆಕ್ಕ ಮೋಸ ಮಾಡುತ್ತದೆ. ತೂಕ 64ನೆಯ ಒಂದಂಶ, ವೇಗ ಅರ್ಧ. ಹಾಗಾಗಿ 65 ಅಶ್ವಶಕ್ತಿಯ ಬದಲು ಅರ್ಧ ಅಶ್ವಶಕ್ತಿ ಸಾಕೆಂದು ಕಾಗದ ಹೇಳುತ್ತದೆ. ಅರ್ಧ ಅಶ್ವಶಕ್ತಿಯಲ್ಲಿ ಅದು ಹಾರಲೂಬಹುದು. ಆದರೆ ಚಿಕ್ಕ ಪ್ರೊಪೆಲರ್ ದೊಡ್ಡದರಷ್ಟು ದಕ್ಷವಲ್ಲ. ಹುಲ್ಲು ಬೆಳೆದ ಮೈದಾನ ಚಕ್ರವನ್ನು ಹಿಡಿಯುತ್ತದೆ. ಎದುರಿಗೆ ಮರಗಳ ಸಾಲಿರುತ್ತದೆ. ಆದ್ದರಿಂದ ಎರಡು ಅಶ್ವಶಕ್ತಿಯ ಆಸುಪಾಸಿನ, 23 ಸಿ.ಸಿ.ಯಷ್ಟು ದೊಡ್ಡ ಪೆಟ್ರೋಲ್ ಎಂಜಿನ್ ಕೂರಿಸುವುದು ರೂಢಿ. ಅದಕ್ಕಿಂತ ಬಹಳ ದೊಡ್ಡದನ್ನು ಕೂರಿಸಿದರೆ ಕಬ್ ರಾಕೆಟ್ಟಿನಂತೆ ಮೇಲೇರೀತು, ಆದರೆ ಅದರ ರೆಕ್ಕೆ ಆ ವೇಗಕ್ಕೆ ಹುಟ್ಟಿದ್ದಲ್ಲ.

ಗರಗಸದ ವಂಶದ ಎಂಜಿನ್ನಿಗೆ ಎರಡು ದುರ್ಗುಣ. ಒಂದು, ನಡುಕ. ಒಂಟಿ ಸಿಲಿಂಡರಿನ ಹೊಡೆತಕ್ಕೆ ಬೋಲ್ಟುಗಳು ಸಡಿಲವಾಗುತ್ತವೆ, ತಂತಿಗಳ ಬೆಸುಗೆ ಬಿಡುತ್ತದೆ. ಅದಕ್ಕಾಗಿ ಎಂಜಿನ್ ಹೊರುವ ಪ್ಲೈವುಡ್ ಗೋಡೆಯನ್ನು ಎಪಾಕ್ಸಿ ಅಂಟಿನ ಜೊತೆಗೆ ಅಡ್ಡಗೂಟ ಬಡಿದು ಭದ್ರ ಮಾಡಬೇಕು, ಪ್ರತಿ ಬೋಲ್ಟಿಗೂ ತಿರುಪು ಸಡಿಲವಾಗದಂತೆ ಹಿಡಿಯುವ ಅಂಟು ಹಾಕಬೇಕು, ರೇಡಿಯೋವನ್ನು ಸ್ಪಂಜಿನಲ್ಲಿ ಸುತ್ತಬೇಕು. ಎರಡು, ಕಿಡಿ. ಸ್ಪಾರ್ಕ್ ಪ್ಲಗ್ಗಿನ ಪ್ರತಿ ಕಿಡಿಯೂ ಒಂದು ಪುಟ್ಟ ರೇಡಿಯೋ ಕೇಂದ್ರ. ಅದರ ಗದ್ದಲದಲ್ಲಿ ನೆಲದಿಂದ ಬರುವ ಆಜ್ಞೆ ಕೇಳಿಸದೆ ಹೋದೀತು. ಆದ್ದರಿಂದ ಕಿಡಿಯ ತಂತಿಗೂ ರಿಸೀವರಿಗೂ ಒಂದಡಿಯಾದರೂ ದೂರ ಇಡುತ್ತಾರೆ, ಎರಡಕ್ಕೂ ಬೇರೆ ಬೇರೆ ಬ್ಯಾಟರಿ ಕೊಡುತ್ತಾರೆ, ಕಾರ್ಬ್ಯುರೇಟರಿನ ಕಡ್ಡಿಯನ್ನು ಲೋಹದ ಬದಲು ನೈಲಾನಿನದು ಮಾಡುತ್ತಾರೆ. ಪೆಟ್ರೋಲಿನ ಕೊಳವೆಯ ಆಯ್ಕೆಯಲ್ಲೂ ಎಚ್ಚರ ಬೇಕು. ಮೆಥನಾಲಿನ ಚಿಕ್ಕ ಎಂಜಿನ್ನುಗಳಿಗೆ ಹಾಕುವ ಸಿಲಿಕೋನ್ ಕೊಳವೆ ಪೆಟ್ರೋಲಿನಲ್ಲಿ ಉಬ್ಬಿ ಮೆತ್ತಗಾಗುತ್ತದೆ.

ಪ್ರೊಪೆಲರ್ ಬಗ್ಗೆ ಒಂದು ಲೆಕ್ಕ. ಹದಿನೆಂಟು ಅಂಗುಲದ ಪ್ರೊಪೆಲರ್ ನಿಮಿಷಕ್ಕೆ 7,000 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ 600 ಕಿಲೊಮೀಟರ್. ತಿರುಗುವಾಗ ಅದು ಕಣ್ಣಿಗೆ ಕಾಣುವುದೂ ಇಲ್ಲ. ಎಂಜಿನ್ ಶುರು ಮಾಡುವವನು ದಪ್ಪ ಕೈಗವಸು ತೊಡುವುದು, ಇನ್ನೊಬ್ಬ ಬಾಲ ಹಿಡಿದು ಕೂರುವುದು, ಪ್ರೊಪೆಲರಿನ ಪಕ್ಕದಲ್ಲಿ ಯಾರೂ ನಿಲ್ಲದಿರುವುದು, ಕಿಡಿಯನ್ನು ಒಮ್ಮೆಗೇ ಕಡಿಯುವ ಗುಂಡಿ ಹೊರಗಿರುವುದು, ಇವೆಲ್ಲ ಶಿಸ್ತಾಗಿ ಬೆಳೆದು ಬಂದದ್ದು ಇದಕ್ಕಾಗಿ.

ಈಗ ಬ್ಯಾಟರಿಯ ದಾರಿಯೂ ಇದೆ. ಇದೇ ಕಬ್‌ಗೆ ಸುಮಾರು 1,300 ವ್ಯಾಟಿನ ಮೋಟಾರು ಸಾಕು. ನಡುಕವಿಲ್ಲ, ಕಿಡಿಯಿಲ್ಲ, ಕೈಗೆ ಎಣ್ಣೆ ಹತ್ತುವುದಿಲ್ಲ. ಆದರೆ ಒಂದು ಕಿಲೊ ಪೆಟ್ರೋಲಿನಲ್ಲಿ ಸುಮಾರು 12 ಕಿಲೊವ್ಯಾಟ್-ಗಂಟೆಯ ಶಕ್ತಿ ಅಡಗಿದ್ದರೆ ಅಷ್ಟೇ ತೂಕದ ಲಿಥಿಯಂ ಬ್ಯಾಟರಿಯಲ್ಲಿ ಅದರ ಐವತ್ತನೆಯ ಒಂದಂಶವೂ ಇರುವುದಿಲ್ಲ. ಎಂಜಿನ್ ಆ ಶಕ್ತಿಯ ಬಹುಭಾಗವನ್ನು ಬಿಸಿಯಾಗಿ ಪೋಲು ಮಾಡಿದರೂ ಹೆಚ್ಚು ಹೊತ್ತು ಹಾರುವುದು ಪೆಟ್ರೋಲ್ ವಿಮಾನವೇ. ಇನ್ನೊಂದು ಎಚ್ಚರಿಕೆಯ ಮಾತು. ಪೆಟ್ರೋಲ್ ಎಂಜಿನ್ ತಾನಾಗಿ ಶುರುವಾಗುವುದು ಅಪರೂಪ. ವಿದ್ಯುತ್ ಮೋಟಾರು ಬ್ಯಾಟರಿ ಸೇರಿಸಿದ ಗಳಿಗೆಯಿಂದ ಎಚ್ಚರವಾಗಿಯೇ ಇರುತ್ತದೆ.

ರೇಡಿಯೋದ ಸುತ್ತ ಬೆಳೆದ ಒಂದು ಪದ್ಧತಿಯನ್ನು ಹೇಳಲೇಬೇಕು. 1990ರ ದಶಕದಲ್ಲಿ ಅಮೆರಿಕದ ಮಾದರಿ ವಿಮಾನಗಳಿಗೆ 72 ಮೆಗಾಹರ್ಟ್ಸ್ ಪಟ್ಟಿಯಲ್ಲಿ 50 ಚಾನೆಲುಗಳಿದ್ದವು. ಒಂದೇ ಚಾನೆಲಿನಲ್ಲಿ ಇಬ್ಬರು ಪೆಟ್ಟಿಗೆ ಚಾಲೂ ಮಾಡಿದರೆ ಹಾರುತ್ತಿರುವ ವಿಮಾನ ಬಿದ್ದಂತೆಯೇ. ಅದಕ್ಕೆ ಮೈದಾನದ ಅಂಚಿನಲ್ಲಿ ಒಂದು ಹಲಗೆ. ಅದರ ಮೇಲೆ ಬಟ್ಟೆ ಒಣಹಾಕುವಾಗ ಸಿಕ್ಕಿಸುವಂಥ ಕ್ಲಿಪ್ಪುಗಳು, ಒಂದೊಂದಕ್ಕೂ ಒಂದು ಚಾನೆಲ್ ಸಂಖ್ಯೆ. ತನ್ನ ಸಂಖ್ಯೆಯ ಕ್ಲಿಪ್ಪು ಕೈಗೆ ಸಿಕ್ಕದೆ ಯಾರೂ ರೇಡಿಯೋ ಮುಟ್ಟುವಂತಿಲ್ಲ. ಕಾವಲುಗಾರನಿಲ್ಲ, ದಂಡವಿಲ್ಲ. ಒಂದು ಮರದ ಕ್ಲಿಪ್ಪು ಮತ್ತು ಪರಸ್ಪರ ನಂಬಿಕೆ, ಇಷ್ಟೇ. ಸುಮಾರು 2005ರ ನಂತರ 2.4 ಗಿಗಾಹರ್ಟ್ಸಿನ ರೇಡಿಯೋಗಳು ಬಂದು, ಪ್ರತಿ ವಿಮಾನವೂ ತನ್ನ ಒಡೆಯನ ದನಿಯನ್ನು ಮಾತ್ರ ಗುರುತಿಸುವಂತಾಗಿ, ಕ್ಲಿಪ್ಪುಗಳ ಹಲಗೆ ನೆನಪಿಗೆ ಸರಿಯಿತು.

ಇಷ್ಟು ಕಟ್ಟುಪಾಡು ಏಕೆಂದು ಕೇಳುವವರಿಗೆ ಕ್ರಿಕೆಟ್ಟಿನ ಉದಾಹರಣೆ ಸಾಕು. ಗಂಟೆಗೆ 140 ಕಿಲೊಮೀಟರ್ ವೇಗದ ಬೌಲರನ ಚೆಂಡಿನಲ್ಲಿರುವುದು ಸುಮಾರು 120 ಜೂಲ್ ಶಕ್ತಿ. ಒಂದು ಕಿಲೊ ತೂಕದ ಚಿಕ್ಕ ಮಾದರಿ 40 ಕಿಲೊಮೀಟರ್ ವೇಗದಲ್ಲಿ ಬಂದರೆ ಅದರಲ್ಲಿರುವುದು ಆ ಚೆಂಡಿನ ಅರ್ಧ. ನಮ್ಮ ಹಳದಿ ಕಬ್ 60 ಕಿಲೊಮೀಟರ್ ವೇಗದಲ್ಲಿದ್ದರೆ ಸುಮಾರು 1,200 ಜೂಲ್, ಹತ್ತು ಚೆಂಡುಗಳ ಹೊಡೆತ. ಮುಂದೆ ತಿರುಗುವ ಪ್ರೊಪೆಲರ್ ಬೇರೆ. ಅದನ್ನು ತಡೆದು ನಿಲ್ಲಿಸಿರುವುದು ಕಳೆದ ಡಿಸೆಂಬರಿನ ಒಂದು ಸಂಜೆ, ಊಟಕ್ಕೆ ಕರೆ ಬಂದ ಅವಸರದಲ್ಲಿ ಅಂಟಿಸಿದ ಒಂದು ಕೀಲು ಇರಬಹುದು. ವಿಮಾನ ಕಟ್ಟುವವನು ಮೇಜಿನ ಮುಂದೆ ಒಬ್ಬನೇ ಕೂತಿರುತ್ತಾನೆ. ಆದರೆ ಅವನ ಅಂಟು ಹಿಡಿದಿದೆಯೇ ಇಲ್ಲವೇ ಎಂಬುದರ ಫಲ ಮೈದಾನದಲ್ಲಿ ನಿಂತ ಎಲ್ಲರಿಗೂ ಸೇರಿದ್ದು.

ಈಗ ಈ ಮೇಜುಗಳು ಕಡಿಮೆಯಾಗುತ್ತಿವೆ. ಕಾರ್ಖಾನೆಯಲ್ಲೇ ಕಟ್ಟಿ, ಬಣ್ಣದ ಹಾಳೆ ಹೊದಿಸಿ, ಒಂದೆರಡು ಸಂಜೆಯಲ್ಲಿ ಜೋಡಿಸುವಂತೆ ಬರುವ ವಿಮಾನಗಳು ಕಿಟ್‌ನ ಜಾಗ ಹಿಡಿದಿವೆ. ಟಾಪ್ ಫ್ಲೈಟ್, ಗ್ರೇಟ್ ಪ್ಲೇನ್ಸ್ ಎಂಬ ಹೆಸರಾಂತ ಕಿಟ್‌ಗಳ ಒಡೆತನ ಹೊಂದಿದ್ದ ಅಮೆರಿಕದ ಹಾಬಿಕೋ ಸಂಸ್ಥೆ 2018ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಇನ್ನೊಂದು ಕಡೆ, ಲೇಸರಿನಿಂದ ಮರ ಕೊರೆಯುವ ಯಂತ್ರಗಳು ಅಗ್ಗವಾಗಿ, ಒಬ್ಬಿಬ್ಬರೇ ನಡೆಸುವ ಚಿಕ್ಕ ಕಿಟ್ ತಯಾರಕರು ಹುಟ್ಟಿಕೊಂಡಿದ್ದಾರೆ. ನಮ್ಮಲ್ಲೂ ಎನ್‌ಸಿಸಿಯ ವಾಯು ವಿಭಾಗದ ಕೆಡೆಟ್‌ಗಳಿಗೆ ಬಾಲ್ಸಾ ಕೊಯ್ದು ಮಾದರಿ ಕಟ್ಟುವುದು ಇಂದಿಗೂ ತರಬೇತಿಯ ಭಾಗ. ಸಿದ್ಧ ವಿಮಾನ ಕೊಳ್ಳುವುದು ತಪ್ಪೇನಲ್ಲ. ಆದರೆ ಅದನ್ನು ಹಾರಿಸುವವನಿಗೆ ಬಟ್ಟೆಯ ಕೆಳಗೆ ಏನಿದೆ ಎಂಬುದು ತಿಳಿದಿರುವುದಿಲ್ಲ. ತನ್ನ ಕೈಯಿಂದ ಕಟ್ಟಿದವನಿಗೆ ತಿಳಿದಿರುತ್ತದೆ, ಎಲ್ಲಿ ಗಟ್ಟಿ, ಎಲ್ಲಿ ಅನುಮಾನ ಎಂಬುದು ಸಹ.

ಮೇನಾರ್ಡ್ ಹಿಲ್ ಎಂಬ ಅಮೆರಿಕದ ಎಂಜಿನಿಯರ್ ಅಂಥವರಲ್ಲೊಬ್ಬರು. ಮಾದರಿ ವಿಮಾನವೊಂದನ್ನು ಅಟ್ಲಾಂಟಿಕ್ ಸಾಗರ ದಾಟಿಸಬೇಕೆಂದು ಅವರು ಪಣ ತೊಟ್ಟರು. ದಾಖಲೆಯ ನಿಯಮದ ಪ್ರಕಾರ ಇಂಧನವೂ ಸೇರಿ ತೂಕ ಐದು ಕಿಲೊ ಮೀರಕೂಡದು. 2002ರಲ್ಲಿ ಕಳುಹಿಸಿದ ವಿಮಾನಗಳು ದಡ ಸೇರಲಿಲ್ಲ. 2003ರ ಆಗಸ್ಟ್ 9ರಂದು ಕೆನಡಾದ ನ್ಯೂಫೌಂಡ್‌ಲೆಂಡ್ ತೀರದಿಂದ, ಬಾಲ್ಸಾದಿಂದ ಕಟ್ಟಿದ, ಆರು ಅಡಿ ರೆಕ್ಕೆಯ ಮತ್ತೊಂದು ವಿಮಾನ ಹೊರಟಿತು. ಏರುವಾಗಲೂ ಇಳಿಯುವಾಗಲೂ ರೇಡಿಯೋ, ನಡುವಿನ ಸಾಗರದ ಮೇಲೆ ಉಪಗ್ರಹ ನೋಡಿ ದಾರಿ ಹಿಡಿಯುವ ಸ್ವಯಂಚಾಲಕ. ಮೂವತ್ತೆಂಟು ಗಂಟೆ ಐವತ್ತೆರಡು ನಿಮಿಷದ ನಂತರ, ಸುಮಾರು 3,030 ಕಿಲೊಮೀಟರ್ ದಾಟಿ, ಅದು ಐರ್ಲೆಂಡಿನ ಕ್ಲಿಫ್ಡನ್ ಬಳಿ ಹುಲ್ಲಿನ ಮೇಲೆ ಇಳಿಯಿತು. 1919ರಲ್ಲಿ ಮೊದಲ ಬಾರಿಗೆ ನಿಲ್ಲದೆ ಅಟ್ಲಾಂಟಿಕ್ ದಾಟಿದ ಆಲ್ಕಾಕ್ ಮತ್ತು ಬ್ರೌನ್ ಇಳಿದದ್ದೂ ಆ ಕ್ಲಿಫ್ಡನ್ ಬಳಿಯೇ. ಹೊರಡುವಾಗ ತುಂಬಿದ್ದ ಎರಡು ಕಿಲೊ ಚಿಲ್ಲರೆ ಇಂಧನದಲ್ಲಿ ಉಳಿದಿದ್ದುದು ಬಹಳ ಸ್ವಲ್ಪ.

ಆಗ ಹಿಲ್ ಅವರಿಗೆ ಎಪ್ಪತ್ತೇಳು ವರ್ಷ. ಕಿವಿ ಮಂದವಾಗಿತ್ತು. ಕಣ್ಣು ಎಷ್ಟು ಮಂಜಾಗಿತ್ತೆಂದರೆ ಕಾನೂನಿನ ಲೆಕ್ಕದಲ್ಲಿ ಅವರು ಅಂಧರು. ದೂರದಲ್ಲಿ ಹಾರುವ ವಿಮಾನವನ್ನು ನೋಡಲು ಅವರಿಂದ ಆಗುತ್ತಿರಲಿಲ್ಲ. ಐರ್ಲೆಂಡಿನಲ್ಲಿ ಅದನ್ನು ಇಳಿಸಿದ್ದು ಅವರ ಗೆಳೆಯರು. ಅವರು ಮಾಡಿದ್ದ ಕೆಲಸ ಅದಕ್ಕೂ ಮೊದಲು ಮೇಜಿನ ಮೇಲೆ ಮುಗಿದಿತ್ತು. ಸಾಗರದ ಮೇಲೆ ಎರಡು ಇರುಳು, ಯಾರ ಕಣ್ಣಿಗೂ ಬೀಳದೆ ಹಾರಿದ ಆ ವಿಮಾನದಲ್ಲಿ ಪ್ರತಿಯೊಂದು ಕೀಲೂ ಹಿಡಿದಿತ್ತು.